ಆಕಾಶದ ದೂರ, ಅಂಗಳದ ದೂರ

ಚೆನ್ನೈಯ ಮೀನಂಬಾಕ್ಕಂ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 268 ಕಿ.ಮೀ. ಆಗುತ್ತದೆ. ಈ ಪ್ರಯಾಣಕ್ಕೆ ವೇಳಾಪಟ್ಟಿಗಳು ಒಂದು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಹತ್ತು ನಿಮಿಷ ಎಂದು ತೋರಿಸುತ್ತವೆ. ಈ ಎರಡು ಅಂಕಿಗಳನ್ನು ಮುಂದಿಟ್ಟುಕೊಂಡು ಒಳನಾಡಿನ ನಮ್ಮ ಬಂಧುಗಳು ಒಂದು ಆಕ್ಷೇಪ ಎತ್ತುವುದುಂಟು: "ಒಂದು ಗಂಟೆಯ ದಾರಿ, ಆದರೂ ವರ್ಷಕ್ಕೊಮ್ಮೆ ಮುಖ ತೋರಿಸಲು ನಿಮಗೆ ಆಗುವುದಿಲ್ಲವಲ್ಲ!" ಸೌಕಾರ್‌ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಮಳಿಗೆ, ಹೋಟೆಲು, ಲೆಕ್ಕಪತ್ರದ ಕೆಲಸ ಎಂದು ಬದುಕು ಕಟ್ಟಿಕೊಂಡ ಕನ್ನಡಿಗರಲ್ಲಿ ಈ ಮಾತು ಕೇಳದವರು ವಿರಳ.

ಈ ಆಕ್ಷೇಪದಲ್ಲಿ ಪ್ರೀತಿಯೂ ಇದೆ, ತಪ್ಪು ಲೆಕ್ಕವೂ ಇದೆ. ಪ್ರೀತಿಗೆ ನಾವು ಋಣಿಗಳು. ತಪ್ಪು ಲೆಕ್ಕವನ್ನು ಮಾತ್ರ ಒಪ್ಪಿಕೊಳ್ಳುವಂತಿಲ್ಲ. ಎರಡು ವಿಮಾನ ನಿಲ್ದಾಣಗಳ ನಡುವಣ ಅಂತರವನ್ನು ಎರಡು ಮನೆಗಳ ನಡುವಣ ಅಂತರವೆಂದು ಬಗೆಯುವುದು ಬಂಧುಗಳ ಮಾತಿನಲ್ಲಿ ಕ್ಷಮಾರ್ಹವಾದ ಸಲಿಗೆ. ಅದೇ ಲೆಕ್ಕವನ್ನು ಸರಕಾರಗಳು ಹಿಡಿದಾಗ, ಹೊರನಾಡಿನ ಸಂಘ ಸಂಸ್ಥೆಗಳೂ ಅದನ್ನೇ ನಂಬಿ ಮನವಿಪತ್ರ ಬರೆದಾಗ, ಅದು ನೀತಿಯಾಗಿ ಗಟ್ಟಿಯಾಗುತ್ತದೆ. ಆ ನೀತಿಯಿಂದ ಯಾರಿಗೆ ಊರು ಹತ್ತಿರವಾಯಿತು, ಯಾರಿಗೆ ದೂರವಾಯಿತು ಎಂಬುದನ್ನು ಶಾಂತಚಿತ್ತದಿಂದ ವಿಚಾರ ಮಾಡುವ ಕಾಲ ಬಂದಿದೆ.

ಮೊದಲು ಆ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಹಿಡಿದು, ಭೂಗೋಲದ ಮೇಲೆ ಅವುಗಳ ನಡುವೆ ಎಳೆಯಬಹುದಾದ ಅತ್ಯಂತ ಗಿಡ್ಡ ಗೆರೆಯನ್ನು ಅಳೆದು 'ವಿಮಾನ ದೂರ' ಎಂದು ಹೇಳುತ್ತಾರೆ. ಯಾವ ವಿಮಾನವೂ ಆ ಗೆರೆಯ ಮೇಲೆ ಕರಾರುವಾಕ್ಕಾಗಿ ಹಾರುವುದಿಲ್ಲ. ಅದು ಗಾಳಿಗೆ ಎದುರಾಗಿ ಏರಬೇಕು, ಗೊತ್ತುಪಡಿಸಿದ ವಾಯುಮಾರ್ಗ ಹಿಡಿಯಬೇಕು, ಇಳಿಯುವ ಸರದಿ ಬರುವವರೆಗೆ ಸುತ್ತು ಹಾಕಬೇಕು. ವೇಳಾಪಟ್ಟಿಯ ಕಾಲವೂ ಬರಿಯ ಹಾರಾಟದ ಕಾಲವಲ್ಲ. ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಇನ್ನೊಂದು ಕಡೆ ಬಂದು ನಿಲ್ಲುವ ಕ್ಷಣದವರೆಗಿನ ಕಾಲ. ಆದ್ದರಿಂದಲೇ ಚೆನ್ನೈ–ಬೆಂಗಳೂರು ಹಾದಿಯಲ್ಲಿ ವಿಮಾನದ ಸರಾಸರಿ ವೇಗ ಗಂಟೆಗೆ 250 ಕಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ. ಅದೇ ಬಗೆಯ ವಿಮಾನ ಚೆನ್ನೈಯಿಂದ ದೆಹಲಿಗೆ ಸುಮಾರು 1,750 ಕಿ.ಮೀ. ದೂರವನ್ನು ಮೂರು ಗಂಟೆಯೊಳಗೆ ಮುಗಿಸುವಾಗ ಸರಾಸರಿ ವೇಗ 600 ಕಿ.ಮೀ. ದಾಟುತ್ತದೆ. ವಿಮಾನವೆಂಬುದು ದೂರದ ಓಟಕ್ಕೆ ಹುಟ್ಟಿದ ಕುದುರೆ. ಹತ್ತಿರದ ಊರಿಗೆ ಅದನ್ನು ಹೂಡಿದರೆ ಜೀನು ಬಿಗಿಯುವುದರಲ್ಲಿ, ಬಿಚ್ಚುವುದರಲ್ಲಿಯೇ ಹೊತ್ತು ಹೋಗುತ್ತದೆ.

ಇನ್ನು ನಮ್ಮ ಅಂಗಳದಿಂದ ಲೆಕ್ಕ ಹಿಡಿಯೋಣ. ತಂಗಸಾಲೆ ಬೀದಿಯ ಒಂದು ಮನೆಯಿಂದ ಬೆಂಗಳೂರಿನ ಜಯನಗರದ ಒಂದು ಮನೆಗೆ ಹೋಗಬೇಕೆಂದಿಟ್ಟುಕೊಳ್ಳಿ. ಮಣ್ಣಡಿಗೆ ನಡೆದು ಮೆಟ್ರೊ ಹಿಡಿದು ಮೀನಂಬಾಕ್ಕಂ ಸೇರಲು ಒಂದು ಗಂಟೆ. ವಿಮಾನ ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಅಲ್ಲಿರಬೇಕೆಂದು ಸಂಸ್ಥೆಗಳೇ ತಿಳಿಸುತ್ತವೆ. ಪ್ರಯಾಣಕ್ಕೆ ಒಂದು ಗಂಟೆ ಚಿಲ್ಲರೆ. ಇಳಿದು ಗಂಟುಮೂಟೆ ಪಡೆದು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಜಯನಗರಕ್ಕೆ ನಲವತ್ತು ಕಿ.ಮೀ. ಮೀರಿದ ರಸ್ತೆ, ಬೆಂಗಳೂರಿನ ವಾಹನ ಸಂದಣಿಯಲ್ಲಿ ಒಂದೂವರೆಯಿಂದ ಎರಡು ಗಂಟೆ. ಕೂಡಿದರೆ ಆರು, ಆರೂವರೆ ಗಂಟೆ.

ರೈಲಿನ ಲೆಕ್ಕವನ್ನೂ ಪಕ್ಕದಲ್ಲಿ ಬರೆಯೋಣ. ಸೌಕಾರ್‌ಪೇಟೆಗೂ ಸೆಂಟ್ರಲ್ ನಿಲ್ದಾಣಕ್ಕೂ ನಡುವೆ ಇರುವುದು ವಾಲ್‌ಟ್ಯಾಕ್ಸ್ ರಸ್ತೆ. ಕಾಲ್ನಡಿಗೆಯಲ್ಲಿ ಇಪ್ಪತ್ತು ಮೂವತ್ತು ನಿಮಿಷ. ಅರ್ಧ ಗಂಟೆ ಮುಂಚೆ ಹೋದರೆ ಯಥೇಷ್ಟ. 2022ರ ನವೆಂಬರ್‌ನಲ್ಲಿ ಮೈಸೂರು–ಚೆನ್ನೈ ನಡುವೆ ಆರಂಭವಾದ ವಂದೇ ಭಾರತ್ ರೈಲು ಬೆಂಗಳೂರನ್ನು ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ. ಅದು ನಿಲ್ಲುವುದು ಊರಿನ ನಡುಮಧ್ಯದಲ್ಲಿ. ಮೆಜೆಸ್ಟಿಕ್ಕಿನಿಂದ ಮೆಟ್ರೊ ಹತ್ತಿದರೆ ಅರ್ಧ ಗಂಟೆಯಲ್ಲಿ ಜಯನಗರ. ಒಟ್ಟು ಆರು ಗಂಟೆ. ವಿಮಾನದ ವೇಗ ರೈಲಿನ ಮೂರು ಪಟ್ಟು, ಮನೆ ಮುಟ್ಟುವ ಹೊತ್ತು ಮಾತ್ರ ಒಂದೇ. 1964ರಿಂದ ಓಡುತ್ತಿರುವ ಬೃಂದಾವನ ಎಕ್ಸ್‌ಪ್ರೆಸ್ಸನ್ನೋ ರಾತ್ರಿಯ ಬೆಂಗಳೂರು ಮೇಲನ್ನೋ ಹತ್ತುವವನ ಖರ್ಚಂತೂ ಎಷ್ಟೋ ಕಡಿಮೆ. ರಾತ್ರಿ ರೈಲಿನ ವಿಷಯದಲ್ಲಿ ಇನ್ನೊಂದು ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಲಿ ಕಳೆಯುವ ಹೊತ್ತು ಹೇಗೂ ನಿದ್ರೆಗೆ ಸಲ್ಲಬೇಕಾದದ್ದು. ದುಡಿಯುವ ಮನುಷ್ಯನಿಗೆ ಪ್ರಯಾಣದಲ್ಲಿ ನಷ್ಟವಾಗುವುದು ಎಚ್ಚರದ ಗಂಟೆಗಳು. ಆ ಮಾಪಕದಲ್ಲಿ ರಾತ್ರಿ ರೈಲಿಗೆ ಸಮನಾದ ವಾಹನ ಇನ್ನೂ ಬಂದಿಲ್ಲ.

ಹಾಗಾದರೆ ಸೌಕಾರ್‌ಪೇಟೆಯಲ್ಲಿ ವಿಮಾನದ ಮಾತು ಇಷ್ಟು ಮೊಳಗುವುದೇಕೆ? ನಮ್ಮ ನೆರೆಹೊರೆಯನ್ನು ನೋಡಿದರೆ ತಿಳಿಯುತ್ತದೆ. ಈ ಪೇಟೆಗೆ ಹೆಸರು ಕೊಟ್ಟವರು ಸಾಹುಕಾರರು. ಇಂದಿಗೂ ಇಲ್ಲಿನ ವ್ಯಾಪಾರದ ಬೆನ್ನೆಲುಬಾದವರು ರಾಜಸ್ಥಾನ, ಗುಜರಾತುಗಳಿಂದ ಬಂದ ಕುಟುಂಬಗಳು. ಚೆನ್ನೈಯಿಂದ ಜಯಪುರಕ್ಕೆ ಗಗನಮಾರ್ಗದಲ್ಲಿ ಸುಮಾರು 1,600 ಕಿ.ಮೀ.; ರೈಲಿನಲ್ಲಿ ಎರಡು ಸಾವಿರ ಕಿ.ಮೀ. ಮೀರಿದ ಹಾದಿ, ಒಂದೂವರೆ ದಿನದ ಪಯಣ. ಅವರ ಮನೆಯಿಂದ ಮನೆಗೆ ವಿಮಾನದಲ್ಲಿ ಎಂಟು ಗಂಟೆ ಹಿಡಿಯಿತೆಂದರೂ ಒಂದು ಹಗಲು ಒಂದು ರಾತ್ರಿ ಉಳಿಯಿತು. ನಿಲ್ದಾಣಕ್ಕೆ ಹೋಗುವ, ಕಾಯುವ, ಹೊರಬರುವ ನಾಲ್ಕೈದು ಗಂಟೆಗಳ ಸ್ಥಿರವಾದ ಸುಂಕವನ್ನು ಇಬ್ಬರೂ ತೆರುತ್ತೇವೆ. 1,600 ಕಿ.ಮೀ. ಹೋಗುವವನಿಗೆ ಆ ಸುಂಕ ಹಗುರ, 268 ಕಿ.ಮೀ. ಹೋಗುವವನಿಗೆ ಅದೇ ಅಸಲಿಗಿಂತ ಹೆಚ್ಚು. ಮಾರವಾಡಿ ನೆರೆಯವನ ಗಡಿಯಾರ ಅವನ ಊರಿಗೆ ಸರಿಯಾದದ್ದು. ಅದನ್ನು ನಾವು ಎರವಲು ತಂದು ನಮ್ಮ ಗೋಡೆಗೆ ತೂಗುಹಾಕಿಕೊಂಡರೆ ಹೊತ್ತು ಸರಿಯಾಗಿ ತೋರಿಸದು.

ಇದರಿಂದ ವಿಮಾನವೇ ಬೇಡವೆಂಬ ತೀರ್ಮಾನಕ್ಕೆ ಯಾರೂ ಬರಬೇಕಾಗಿಲ್ಲ. ಕರಾವಳಿಯ ಬಂಧುಗಳ ಲೆಕ್ಕ ಬೇರೆ. ಚೆನ್ನೈಯಿಂದ ಮಂಗಳೂರಿಗೆ ಗಗನಮಾರ್ಗ 570 ಕಿ.ಮೀ. ಆಸುಪಾಸು, ರೈಲುಮಾರ್ಗವೋ ಪಾಲಕ್ಕಾಡು, ಕೋಳಿಕ್ಕೋಡು, ಕಾಸರಗೋಡುಗಳನ್ನು ಬಳಸಿ 900 ಕಿ.ಮೀ. ಹತ್ತಿರ ಬೆಳೆಯುತ್ತದೆ. ಮಂಗಳೂರು ಮೇಲಿನಲ್ಲಿ ಹದಿನಾರು ಗಂಟೆಯ ಪ್ರಯಾಣ. ಸೌಕಾರ್‌ಪೇಟೆಯ ಮನೆಯಿಂದ ಉಡುಪಿಯ ಮನೆಗೆ ವಿಮಾನದಲ್ಲಿ ಏಳು ಗಂಟೆಯಾದರೂ ಅರ್ಧಕ್ಕರ್ಧ ಹೊತ್ತು ಉಳಿಯಿತು. 1951ರಲ್ಲಿ ಬಜಪೆಯಲ್ಲಿ ವಿಮಾನ ನಿಲ್ದಾಣವಾದದ್ದು ಕರಾವಳಿಗೆ ನಿಜವಾದ ಉಪಕಾರ. ಗುಡ್ಡದ ನೆತ್ತಿಯ ಮೇಲಿನ ಆ ಓಡುದಾರಿಗೆ ಜೂನ್, ಜುಲೈಯ ಮಳೆಯಲ್ಲಿ ಇಳಿಯಲಾಗದೆ ವಿಮಾನ ಬೆಂಗಳೂರಿಗೆ ತಿರುಗುವುದುಂಟು. ಆದರೂ ಲಾಭದ ತಕ್ಕಡಿಯೇ ಕೆಳಗೆ ತೂಗುತ್ತದೆ. ಕಾಸರಗೋಡಿನವರ ಪರಿಸ್ಥಿತಿ ಮಾತ್ರ ಎರಡರ ನಡುವೆ. ವಿಮಾನದಲ್ಲಿ ಹೋದರೆ ಮಂಗಳೂರಿನಿಂದ ಮತ್ತೆ ದಕ್ಷಿಣಕ್ಕೆ ಐವತ್ತು ಅರವತ್ತು ಕಿ.ಮೀ. ಬರಬೇಕು. ರೈಲಾದರೆ ಅವರ ಊರಿನ ಬಾಗಿಲಲ್ಲೇ ನಿಲ್ಲುತ್ತದೆ.

ಈಗ ನಕಾಶೆಯನ್ನು ಉತ್ತರಕ್ಕೆ ಸರಿಸೋಣ. ಚೆನ್ನೈಯಿಂದ ಕಲಬುರಗಿಗೆ ನೇರ ಗೆರೆ ಎಳೆದರೆ ಸುಮಾರು 590 ಕಿ.ಮೀ., ಮಂಗಳೂರಿನಷ್ಟೇ ದೂರ. ಅಲ್ಲಿಯೂ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ತೆರೆಯಿತು. ಆದರೆ ಬೆಂಗಳೂರನ್ನು ಬಳಸಿ ಹೋಗುವವನಿಗೆ ಆ 590 ಕಿ.ಮೀ. 730 ಆಗುತ್ತದೆ. ಕಿ.ಮೀ. ಬೆಳೆದದ್ದು ದೊಡ್ಡ ಮಾತಲ್ಲ. ಎರಡು ವಿಮಾನಗಳ ನಡುವೆ ದೇವನಹಳ್ಳಿಯಲ್ಲಿ ಕಾಯುವ ಗಂಟೆಗಳು, ಒಂದು ತಡವಾದರೆ ಇನ್ನೊಂದು ಕೈತಪ್ಪುವ ಭಯ, ಇವುಗಳಲ್ಲಿ ಇಡೀ ಹಗಲು ಕರಗುತ್ತದೆ. ಅದೇ ಕಲಬುರಗಿ, ರಾಯಚೂರುಗಳು ಚೆನ್ನೈ–ಮುಂಬಯಿ ಹಳೆಯ ರೈಲುಮಾರ್ಗದ ಮೇಲೆಯೇ ಇವೆ. ರೇಣಿಗುಂಟ, ಗುಂತಕಲ್ಲು ದಾಟಿ ಸುಮಾರು ಅರ್ಧ ದಿನದಲ್ಲಿ ನೇರವಾಗಿ ತಲುಪಬಹುದು. ಹುಬ್ಬಳ್ಳಿಗೆ ಗಗನಮಾರ್ಗ ಸುಮಾರು 600 ಕಿ.ಮೀ.; ನಿತ್ಯ ಪ್ರಯಾಣಿಕನ ದಾರಿ ಬಹುಮಟ್ಟಿಗೆ ಬೆಂಗಳೂರಿನಲ್ಲಿ ಇಳಿದು ಹತ್ತುವ ದಾರಿ. ಇನ್ನು ಶಿರಸಿಗೂ ಮಡಿಕೇರಿಗೂ ರೈಲೇ ಇಲ್ಲ. ಅಲ್ಲಿಯವರು ಯಾವ ನಿಲ್ದಾಣದಲ್ಲಿ ಇಳಿದರೂ ಬಸ್ಸನ್ನೇ ನೆಚ್ಚಬೇಕು.

2021ರ ಜನವರಿಯಲ್ಲಿ ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೂ ನೇರ ವಿಮಾನ ಆರಂಭವಾದಾಗ ನಾಡೆಲ್ಲ ಸಂಭ್ರಮಿಸಿತು. ಸುಮಾರು 14,000 ಕಿ.ಮೀ. ದೂರವನ್ನು ಒಂದೇ ಆಸನದಲ್ಲಿ ಕುಳಿತು, ಹದಿನಾರು ಹದಿನೇಳು ಗಂಟೆಗಳಲ್ಲಿ ದಾಟುವುದು ಸಣ್ಣ ಸಾಹಸವಲ್ಲ, ನಾವೂ ಹೆಮ್ಮೆಪಟ್ಟೆವು. ಆದರೆ ಸೌಕಾರ್‌ಪೇಟೆಯಿಂದ ಹೊರಟು ಶಿರಸಿಯ ಆಚೆಗಿನ ಒಂದು ಹಳ್ಳಿಯನ್ನು ಸೇರಬೇಕಾದವನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಮೂರು ನಾಲ್ಕು ವಾಹನಗಳನ್ನು ಬದಲಿಸಬೇಕು. ಕ್ಯಾಲಿಫೋರ್ನಿಯದ ಕನ್ನಡಿಗನೂ ಚೆನ್ನೈಯ ಕನ್ನಡಿಗನೂ ತಮ್ಮ ತಮ್ಮ ತಾಯಿಯ ಮನೆಯಿಂದ ಕಾಲದ ಲೆಕ್ಕದಲ್ಲಿ ಸಮಾನ ದೂರದಲ್ಲಿರುವ ಈ ವಿಚಿತ್ರವನ್ನು ಯಾವ ನಕಾಶೆಯೂ ತೋರಿಸುವುದಿಲ್ಲ.

ಈ ಸ್ಥಿತಿ ಪ್ರಕೃತಿ ವಿಧಿಸಿದ್ದಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 1932ರ ಅಕ್ಟೋಬರ್‌ನಲ್ಲಿ ಟಾಟಾ ಸಂಸ್ಥೆಯ ವಾಯು ಅಂಚೆ ಕರಾಚಿಯಿಂದ ಹೊರಟಿತು. ಮುಂಬಯಿಯವರೆಗೆ ಜೆ.ಆರ್.ಡಿ. ಟಾಟಾ ಅವರೇ ವಿಮಾನ ನಡೆಸಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದರಾಸಿಗೆ ಒಯ್ದರು. ಮುಂಬಯಿಗೂ ಮದರಾಸಿಗೂ ನಡುವೆ ಆ ವಿಮಾನ ಇಳಿದ ನೆಲ ಯಾವುದು? ಬಳ್ಳಾರಿ! ಮದರಾಸಿನ ಮೊದಲ ವಾಯು ಅಂಚೆ ಕನ್ನಡದ ಮಣ್ಣನ್ನು ಮುಟ್ಟಿದ್ದು ಬಳ್ಳಾರಿಯಲ್ಲಿ, ಬೆಂಗಳೂರಿನಲ್ಲಲ್ಲ. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿಯ ವಕೀಲನಿಗೂ ಮಂಗಳೂರಿನ ವಿದ್ಯಾರ್ಥಿಗೂ ಉಚ್ಚ ನ್ಯಾಯಾಲಯ, ವಿಶ್ವವಿದ್ಯಾನಿಲಯ, ಸಚಿವಾಲಯಗಳೆಲ್ಲ ಇಲ್ಲಿಯೇ ಇದ್ದವು. 1907ರಲ್ಲಿ ಮಂಗಳೂರಿಗೆ ರೈಲು ಬಂದಮೇಲೆ ಎಷ್ಟೋ ಮಂದಿ ಹುಡುಗರು ಹೊಳೆ ದಾಟಿ ಮಂಗಳೂರು ಸೇರಿ, ರೈಲು ಹತ್ತಿ, ಸೆಂಟ್ರಲ್ಲಿನಲ್ಲಿ ಇಳಿದು ಜಾರ್ಜ್‌ಟೌನಿನ ಹೋಟೆಲುಗಳಲ್ಲಿ ದುಡಿದರು. ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದ ಕೆ. ಕೃಷ್ಣರಾಯರು ಸೌಕಾರ್‌ಪೇಟೆಗೆ ಅನತಿ ದೂರದ ಆಚಾರಪ್ಪನ್ ಬೀದಿಯ ಹೋಟೆಲಿನಿಂದ ಮೇಲೆ ಬಂದವರು. ಉಡುಪಿಗೆ ರೈಲು ಬಂದದ್ದು ಕೊಂಕಣ ರೈಲ್ವೆಯ ಕಾಲದಲ್ಲಿ, 1990ರ ದಶಕದಲ್ಲಿ. ಅಷ್ಟು ಹೊತ್ತಿಗೆ ಉಡುಪಿಯ ಹೆಸರು ಮದರಾಸಿನ ಬೀದಿ ಬೀದಿಯ ಫಲಕಗಳ ಮೇಲಿದ್ದು ಎಷ್ಟೋ ದಶಕಗಳಾಗಿದ್ದವು.

1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ದಕ್ಷಿಣ ಕನ್ನಡವೂ ಸೇರಿತು. ಕನ್ನಡ ನಾಡು ಒಂದಾದ ಆ ಹಬ್ಬಕ್ಕೆ ಮದರಾಸಿನ ಕನ್ನಡಿಗರೂ ದೀಪ ಹಚ್ಚಿದವರೇ. ಆದರೆ ಮದರಾಸು ಇದ್ದಲ್ಲೇ ಇದ್ದು 'ಹೊರನಾಡು' ಆಯಿತು. ಅಂದಿನಿಂದ ದಾರಿಗಳೆಲ್ಲ ಹೊಸ ರಾಜಧಾನಿಯ ಕಡೆ ಮುಖ ಮಾಡಿದವು. ಅದು ಸಹಜ. ಸಹಜವಲ್ಲದ್ದು ಏನೆಂದರೆ, ಜಿಲ್ಲೆಗಳನ್ನು ನೇರವಾಗಿ ಬೆಸೆದಿದ್ದ ಹಳೆಯ ಹಾದಿಗಳನ್ನು ಬಲಪಡಿಸುವ ಯೋಚನೆ ಯಾರಿಗೂ ಹೊಳೆಯದೆ ಹೋದದ್ದು, ಕರ್ನಾಟಕವನ್ನು ತಲುಪುವುದೆಂದರೆ ಬೆಂಗಳೂರನ್ನು ತಲುಪುವುದೆಂಬ ಭಾವನೆ ಬೇರೂರಿದ್ದು.

'ಜಿಲ್ಲೆಗೊಂದು ವಿಮಾನ ನಿಲ್ದಾಣ' ಎಂಬ ಘೋಷಣೆ ಈ ಕೊರತೆಯನ್ನು ತುಂಬೀತೆಂದು ಹಲವರು ನಂಬಿದ್ದಾರೆ. 2016ರಲ್ಲಿ ಕೇಂದ್ರ ಸರಕಾರ ಉಡಾನ್ ಯೋಜನೆಯನ್ನು ಪ್ರಕಟಿಸಿತು. ಒಂದು ಗಂಟೆಯ ಹಾರಾಟಕ್ಕೆ ಕೆಲವು ಆಸನಗಳನ್ನು 2,500 ರೂಪಾಯಿಯ ಮಿತಿಯಲ್ಲಿ ಕೊಡಬೇಕು, ವಿಮಾನ ಸಂಸ್ಥೆಯ ನಷ್ಟವನ್ನು ಮೂರು ವರ್ಷ ಸರಕಾರ ತುಂಬಿಕೊಡಬೇಕು ಎಂಬುದು ಅದರ ಸಾರ. ಆಶಯ ಒಳ್ಳೆಯದೇ. ಫಲವೇನು? ಭಾರತದ ಮಹಾಲೇಖಪಾಲರು 2023ರಲ್ಲಿ ಸಲ್ಲಿಸಿದ ವರದಿಯಂತೆ, ಮೊದಲ ಮೂರು ಸುತ್ತುಗಳಲ್ಲಿ ಮಂಜೂರಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದವು 112. ನೆರವು ನಿಂತ ಬಳಿಕವೂ 2023ರ ಮಾರ್ಚ್‌ನಲ್ಲಿ ಉಳಿದಿದ್ದವು 54. ನೂರಕ್ಕೆ ಏಳು! ನಮ್ಮ ರಾಜ್ಯದಲ್ಲಿಯೂ ಮೈಸೂರಿನ ಮಂಡಕಳ್ಳಿ, ಬೀದರ್ ನಿಲ್ದಾಣಗಳು ವಿಮಾನ ಬಂದು, ನಿಂತು, ಮತ್ತೆ ಬಂದು, ಹೀಗೆ ಏರಿಳಿತ ಕಂಡಿವೆ. ಉದ್ಘಾಟನೆಯ ದಿನ ನಾಡಗೀತೆ ಹಾಡಿ, ಹಾರ ಹಾಕಿ, ಪತ್ರಿಕೆಗಳಲ್ಲಿ 'ಇನ್ನು ಒಂದೇ ಗಂಟೆ' ಎಂದು ಬರೆದದ್ದನ್ನು ಓದಿದ ಹೊರನಾಡ ಕನ್ನಡಿಗ ಮುಂದಿನ ವರ್ಷ ಟಿಕೆಟು ಹುಡುಕಿದಾಗ ವಿಮಾನವೇ ಇರದಿದ್ದರೆ ಆ ಒಂದು ಗಂಟೆಗೆ ಏನು ಬೆಲೆ?

ಮುಂದಿನ ದಿನಗಳ ಚಿತ್ರ ಇನ್ನೂ ಸೋಜಿಗದ್ದು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಾಗರಿಕ ವಿಮಾನಗಳು ಊರೊಳಗಿನ ಎಚ್.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದವು. ಆಕಾಶದಲ್ಲಿ ಏನೂ ಬದಲಾಗಲಿಲ್ಲ. ನೆಲದ ಮೇಲೆ ದಕ್ಷಿಣ ಬೆಂಗಳೂರಿನವನಿಗೆ ಒಂದು ಗಂಟೆ ಹೆಚ್ಚಾಯಿತು. ಈಗ ಚೆನ್ನೈಯ ಎರಡನೆಯ ನಿಲ್ದಾಣಕ್ಕೆ ಕಾಂಚೀಪುರದ ಬಳಿಯ ಪರಂದೂರನ್ನು 2022ರಲ್ಲಿ ಆರಿಸಲಾಗಿದೆ. ತಮ್ಮ ಗದ್ದೆ ಕೆರೆಗಳನ್ನು ಬಿಟ್ಟುಕೊಡಲು ಒಪ್ಪದ ಏಕನಾಪುರಂ ಮೊದಲಾದ ಹಳ್ಳಿಗಳ ಜನ ದೀರ್ಘಕಾಲ ಪ್ರತಿಭಟಿಸಿದ್ದಾರೆ. ಅವರ ನೋವು ಪ್ರತ್ಯೇಕ ಚರ್ಚೆಗೆ ಅರ್ಹವಾದದ್ದು. 2024ರ ಜೂನ್‌ನಲ್ಲಿ ತಮಿಳುನಾಡು ಸರಕಾರ ಹೊಸೂರಿನಲ್ಲಿಯೂ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಟ್ಟುವುದಾಗಿ ವಿಧಾನಸಭೆಯಲ್ಲಿ ಪ್ರಕಟಿಸಿತು. ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ಸುತ್ತಳತೆಯೊಳಗೆ 2033ರವರೆಗೆ ಇನ್ನೊಂದು ಕೂಡದೆಂಬ ಕರಾರು ಅದಕ್ಕೆ ಅಡ್ಡವಿದೆ. ಕರಾರು ಮುಗಿದು ಎರಡೂ ಕಟ್ಟಲ್ಪಟ್ಟವೆಂದು ಊಹಿಸೋಣ. ಪರಂದೂರಿಗೂ ಹೊಸೂರಿಗೂ ನಡುವಣ ಗಗನದೂರ 200 ಕಿ.ಮೀ. ಆಸುಪಾಸು. ಎರಡು ಮಹಾನಗರಗಳ 'ವಿಮಾನ ದೂರ' ಒಮ್ಮೆಲೇ 60 ಕಿ.ಮೀ.ಗೂ ಹೆಚ್ಚು ಕಡಿಮೆಯಾಯಿತೆಂದು ಸರಕಾರಿ ಕೈಪಿಡಿಗಳು ಬರೆದಾವು. ಸೌಕಾರ್‌ಪೇಟೆಯವನು ಮಾತ್ರ ಆ ನಿಲ್ದಾಣ ಮುಟ್ಟಲು ಇಪ್ಪತ್ತರ ಬದಲು ಎಪ್ಪತ್ತು ಕಿ.ಮೀ. ಹೋಗಬೇಕಾದೀತು. ನಿಲ್ದಾಣಗಳು ಒಂದನ್ನೊಂದು ಸಮೀಪಿಸಿದಷ್ಟೂ ಮನೆಗಳು ದೂರವಾಗುವ ಈ ಗಣಿತದ ಮುಂದೆ 'ಒಂದು ಗಂಟೆಯ ದಾರಿ' ಎಂಬ ಮಾತು ನಿಲ್ಲಲಾರದು.

ಇದೆಲ್ಲ ಬರಿಯ ಅಂಕಗಣಿತವೆಂದು ವಾಚಕರು ಪುಟ ಮಗುಚಬಾರದು. ಇದರಲ್ಲಿ ನಮ್ಮ ಬಾಳಿನ ಎರಡು ಸಂಗತಿಗಳು ಅಡಗಿವೆ. ಮೊದಲನೆಯದು ಸಾವು. ಊರಿನಲ್ಲಿ ಹೆತ್ತವರು ತೀರಿಕೊಂಡ ಸುದ್ದಿ ಸಾಮಾನ್ಯವಾಗಿ ಅಪರಾತ್ರಿಯಲ್ಲೋ ನಸುಕಿನಲ್ಲೋ ಬರುತ್ತದೆ. "ಎಷ್ಟು ಹೊತ್ತಿಗೆ ಬರುತ್ತೀಯಪ್ಪ, ಕಾಯಬೇಕೋ ಬೇಡವೋ?" ಎಂದು ಚಿಕ್ಕಪ್ಪನೋ ಸೋದರಮಾವನೋ ಕೇಳುತ್ತಾರೆ. ಆ ಪ್ರಶ್ನೆಗೆ ಕೊಡಬೇಕಾದ ಉತ್ತರ ನಿಲ್ದಾಣದಿಂದ ನಿಲ್ದಾಣದ ಲೆಕ್ಕದಲ್ಲಿಲ್ಲ. ಆಗ ಬೇಕಾದದ್ದು ಅಂದೇ ಹೊರಡುವ ಒಂದು ಗಾಡಿ, ಅದರಲ್ಲಿ ಒಂದು ಜಾಗ, ಇಳಿದ ಕೂಡಲೇ ಮುಂದಿನ ಊರಿಗೆ ಒಂದು ಬಸ್ಸು. ಹಿಂದಿನ ದಿನ ನೋಡಿದ ವಿಮಾನದ ದರ ಅಂದು ಇರುವುದಿಲ್ಲ. ಅಗತ್ಯ ಹೆಚ್ಚಿದಷ್ಟೂ ಬೆಲೆ ಏರಿಸುವುದೇ ಆ ವ್ಯಾಪಾರದ ಕ್ರಮ. ಹೋಟೆಲಿನಲ್ಲಿ ದುಡಿಯುವವನಿಗೆ, ಜವಳಿ ಅಂಗಡಿಯ ಗುಮಾಸ್ತನಿಗೆ, ತಂದೆಯ ಮುಖವನ್ನು ಕಡೆಯ ಸಲ ನೋಡುವುದು ಒಂದು ತಿಂಗಳ ಸಂಬಳದ ಪ್ರಶ್ನೆಯಾಗಬಾರದು.

ಎರಡನೆಯದು ಮಕ್ಕಳ ಕನ್ನಡ. ಸೌಕಾರ್‌ಪೇಟೆಯ ನಮ್ಮ ಮನೆಗಳ ಮಗು ಶಾಲೆಯಲ್ಲಿ ತಮಿಳನ್ನೂ ಇಂಗ್ಲಿಷನ್ನೂ ಕಲಿಯುತ್ತದೆ. ಬೀದಿಯಲ್ಲಿ ಹಿಂದಿ, ಮಾರವಾಡಿ, ತೆಲುಗು ಕೇಳುತ್ತದೆ. ಇದು ಸಂಪತ್ತೇ ಹೊರತು ಕೊರತೆಯಲ್ಲ. ಅದರ ಕನ್ನಡ ಮಾತ್ರ ಅಡುಗೆಮನೆಯ ನಾಲ್ಕು ಗೋಡೆಗಳೊಳಗಿನದು. ಆ ಕನ್ನಡಕ್ಕೆ ಗಾಳಿ ಬೆಳಕು ಸಿಗುವುದು ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ. ಅಲ್ಲಿ ಅತ್ತೆಯ ಮಕ್ಕಳೊಡನೆ ಜಗಳವಾಡಿ, ಸಂತೆಯಲ್ಲಿ ಚೌಕಾಸಿ ಕೇಳಿ, ಜಾತ್ರೆಯಲ್ಲಿ ಕಳೆದುಹೋಗಿ ಸಿಕ್ಕಿ, ಅದು ಬೈಗುಳ ಸಮೇತ ಕನ್ನಡ ಕಲಿಯುತ್ತದೆ. ಧಾರವಾಡದ 'ಯಾಕ್ರೀ', ಕುಂದಾಪುರದ 'ಹೌದಾ ಮಾರಾಯ್ರೆ', ಕಲಬುರಗಿಯ 'ಏನ್ ಮಾಡ್ಲಿಕತ್ತೀರಿ' ಇವೆಲ್ಲ ಪುಸ್ತಕದಿಂದ ಬಾರದ ಸಂಪತ್ತು. ದಾರಿ ಕಷ್ಟವಾದಂತೆ ಈ ಭೇಟಿಗಳು ಬೆಂಗಳೂರಿನಲ್ಲಿಯೇ ಮುಗಿಯುತ್ತವೆ. ಅಜ್ಜಿಯನ್ನೇ ಬೆಂಗಳೂರಿನ ಮಗನ ಮನೆಗೆ ಕರೆಸಿಕೊಂಡು ಎರಡು ದಿನ ಇದ್ದು ಬರುವುದು ರೂಢಿಯಾಗುತ್ತದೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ನಮ್ಮ ಮಕ್ಕಳ ಪಾಲಿಗೆ ಕರ್ನಾಟಕವೆಂದರೆ ಬೆಂಗಳೂರಿನ ನಾಲ್ಕು ಬಡಾವಣೆಗಳಷ್ಟೇ ಆಗಿ ಉಳಿದೀತು. ಭಾಷೆ ಸೊರಗುವುದಕ್ಕೆ ಪರಭಾಷೆಯ ಆಕ್ರಮಣವನ್ನೇ ಕಾರಣವೆಂದು ವೇದಿಕೆಗಳಲ್ಲಿ ದೂರುವ ನಾವು ರೈಲ್ವೆ ವೇಳಾಪಟ್ಟಿಯನ್ನೂ ಒಮ್ಮೆ ತೆರೆದು ನೋಡುವುದು ಒಳಿತು.

"ಕಾಲ ಮುಂದೆ ಹೋಗುತ್ತಿರುವಾಗ ರೈಲಿನ ಮಾತೇಕೆ? ವೃದ್ಧರಿಗೆ, ರೋಗಿಗಳಿಗೆ ವಿಮಾನವೇ ಹಿತವಲ್ಲವೇ? ದೆಹಲಿ, ಮುಂಬಯಿ, ದುಬೈಗಳ ಕನ್ನಡಿಗರಿಗೆ ಹುಬ್ಬಳ್ಳಿ, ಮಂಗಳೂರುಗಳ ನಿಲ್ದಾಣ ಬೇಡವೇ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೆಹಲಿಯ ಕನ್ನಡಿಗನಿಗೆ ಹುಬ್ಬಳ್ಳಿಯ ವಿಮಾನ ಖಂಡಿತವಾಗಿ ಬೇಕು; ಅವನ ಲೆಕ್ಕ ನಮ್ಮ ಮಾರವಾಡಿ ನೆರೆಯವನ ಲೆಕ್ಕದ ಹಾಗೆಯೇ. ನಡೆಯಲಾರದ ಹಿರಿಯರಿಗೆ ಗಾಲಿಕುರ್ಚಿಯ ಸೌಲಭ್ಯವುಳ್ಳ ವಿಮಾನ ನಿಲ್ದಾಣ ದೊಡ್ಡ ಆಸರೆ ಎಂಬುದೂ ನಿಜ. ನಮ್ಮ ವಾದ ವಿಮಾನದ ವಿರುದ್ಧವಾಗಿಲ್ಲ. ಪ್ರತಿಯೊಂದು ಊರಿನ ಹೊರನಾಡ ಕನ್ನಡಿಗರೂ ತಮ್ಮ ಅಂಗಳದಿಂದ ಅಳೆದು, ತಮಗೆ ಯಾವುದು ಸಲ್ಲುವುದೋ ಅದನ್ನು ಕೇಳಬೇಕೆಂಬುದಷ್ಟೇ ನಮ್ಮ ಸೂಚನೆ. ಬೇರೆಯವರ ಬೇಡಿಕೆಯನ್ನು ನಕಲು ಮಾಡಿ ಮನವಿಪತ್ರ ಬರೆಯುವುದರಿಂದ ಕೇಳಿದ್ದು ಸಿಕ್ಕಿತು, ಬೇಕಾದದ್ದು ಸಿಕ್ಕಲಿಲ್ಲ ಎಂಬಂತಾಗುತ್ತದೆ.

ಚೆನ್ನೈಯ ಮಟ್ಟಿಗೆ ಬೇಕಾದದ್ದು ಏನು? ಹುಬ್ಬಳ್ಳಿಯ ಕಡೆಗೆ ವಾರಕ್ಕೊಮ್ಮೆ ಓಡುವಂಥ ರೈಲುಗಳು ನಿತ್ಯದ ರಾತ್ರಿ ರೈಲುಗಳಾಗಬೇಕು. ಶಿವಮೊಗ್ಗದ ಕಡೆಗೂ ಇದೇ ಬೇಡಿಕೆ. ಅವುಗಳಲ್ಲಿ ಬಡವನೂ ಮಲಗಿ ಹೋಗಬಲ್ಲ ಸ್ಲೀಪರ್ ಬೋಗಿಗಳು ಸಾಕಷ್ಟಿರಬೇಕು. ವಂದೇ ಭಾರತದ ಹೊಳಪು ಆ ಬೋಗಿಗಳ ಸ್ಥಾನವನ್ನು ತುಂಬಲಾರದು. ಬೆಂಗಳೂರಿನಲ್ಲಿ ಗಾಡಿ ಬದಲಿಸಬೇಕಾದವರಿಗೆ ಒಂದು ರೈಲು ಬಂದ ಮೇಲೆ ಇನ್ನೊಂದು ಹೊರಡುವಂತೆ ಸಮಯ ಹೊಂದಿಸಬೇಕು. ಇದಕ್ಕೆ ಹೊಸ ಹಳಿ ಬೇಡ, ಹೊಸ ಬಂಡವಾಳ ಬೇಡ, ಒಂದಿಷ್ಟು ಮನಸ್ಸು ಸಾಕು. ವಿಮಾನಕ್ಕೆ ಸಾರ್ವಜನಿಕ ಹಣ ಕೊಡುವುದಾದರೆ ಅದು ಚೆನ್ನೈ–ಹುಬ್ಬಳ್ಳಿ, ಚೆನ್ನೈ–ಕಲಬುರಗಿಗಳಂಥ, ಬೆಂಗಳೂರನ್ನು ಬಳಸದ ನೇರ ಮಾರ್ಗಗಳಿಗೆ ಸಲ್ಲಲಿ. ಮೂರು ವರ್ಷ ಕಳೆದ ಮೇಲೆ ಏನು ಗತಿ ಎಂಬುದನ್ನು ಮೊದಲೇ ಹೇಳಲಿ.

ಸಂಘಗಳು ಮಾಡಬಹುದಾದ ಕೆಲಸವೂ ಒಂದಿದೆ, ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ. ಮುಂದಿನ ವಾರ್ಷಿಕ ಸಭೆಗೆ ಬರುವ ಪ್ರತಿ ಕುಟುಂಬವೂ ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ತರಲಿ: ನಮ್ಮ ಮೂಲ ಊರು ಯಾವುದು, ಮನೆಯ ಹೊಸ್ತಿಲಿನಿಂದ ಆ ಹೊಸ್ತಿಲಿಗೆ ಕಳೆದ ಸಲ ಎಷ್ಟು ಗಂಟೆ ಹಿಡಿಯಿತು, ಅದರಲ್ಲಿ ಕಾಯುವುದರಲ್ಲಿ ಹೋದದ್ದು ಎಷ್ಟು. ಇನ್ನೂರು ಮನೆಗಳ ಇಂಥ ಹಾಳೆಗಳನ್ನು ಒಟ್ಟುಗೂಡಿಸಿದರೆ ಯಾವ ಜಿಲ್ಲೆ ನಮ್ಮಿಂದ ನಿಜವಾಗಿ ಎಷ್ಟು ದೂರದಲ್ಲಿದೆ ಎಂಬ ನಕಾಶೆ ತಾನಾಗಿ ಮೂಡುತ್ತದೆ. ರೈಲ್ವೆ ಅಧಿಕಾರಿಗಳ ಮುಂದೆಯೂ ಬೆಂಗಳೂರಿನ ಸಚಿವರ ಮುಂದೆಯೂ ಇಡಬಹುದಾದ ಸಾಕ್ಷ್ಯ ಅದು. ಭಾವನೆಯ ಮಾತಿಗೆ ಹೂಂಗುಟ್ಟಿ ಕಳಿಸಿಬಿಡುವವರು ಅಂಕಿಗಳಿಗೆ ಉತ್ತರ ಕೊಡಲೇಬೇಕಾಗುತ್ತದೆ.

1864ರಲ್ಲಿ ಜೋಲಾರಪೇಟೆಯ ಮೂಲಕ ಬೆಂಗಳೂರು ದಂಡಿಗೆ ಮೊದಲ ರೈಲು ಬಂದಾಗ ಎತ್ತಿನ ಗಾಡಿಯ ದಿನಗಳು ಗಂಟೆಗಳಾದವು. ಆ ಲಾಭ ಬಡವನಿಗೂ ಸಾಹುಕಾರನಿಗೂ ಸಮನಾಗಿ ದಕ್ಕಿತು. ಅದು ಜನರ ಬಾಗಿಲ ಹತ್ತಿರ ಬಂದು ನಿಂತದ್ದೇ ಕಾರಣ. ಹೊಸ ಕಾಲದ ವೇಗವೂ ಹಾಗೆ ನಮ್ಮ ಬಾಗಿಲಿಗೆ ಬರಲಿ. ಎರಡು ನಿಲ್ದಾಣಗಳ ನಡುವೆ ಆಕಾಶದಲ್ಲಿ ಎಳೆದ ಗೆರೆಯನ್ನು ತೋರಿಸಿ "ಒಂದೇ ಗಂಟೆಯ ದಾರಿ" ಎನ್ನುವವರಿಗೆ ಇನ್ನು ಮುಂದೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾರ ಮನೆಯಿಂದ, ಯಾರ ಮನೆಗೆ?